ತಾಟಿಗೆ ಅಡ್ಡ ಹಿಡಿದ ಕೈ

ಊಟಕ್ಕೆ ಕುಳಿತವರು ‘ಸಾಕು’ ಎನ್ನುವಾಗ ತಾಟಿಗೆ ಅಡ್ಡ ಹಿಡಿಯುತ್ತಾರಲ್ಲ, ಆ ಕೈಯನ್ನು ನೀವು ಎಂದಾದರೂ ಕುತೂಹಲದಿಂದ ನೋಡಿದ್ದೀರಾ? ನಾನಂತೂ ನೋಡಿರಲಿಲ್ಲ. ಐವತ್ತು ದಾಟುವವರೆಗೆ ತಾಟಿನ ಈಚೆಗೇ ಕುಳಿತು ಉಂಡವಳಿಗೆ ಆ ಕೈ ಯಾವಾಗಲೂ ತನ್ನದೇ ಆಗಿತ್ತು. ತನ್ನ ಕೈಯನ್ನು ತಾನೇ ಅಧ್ಯಯನ ಮಾಡುವ ವ್ಯವಧಾನ ಬಿಸಿ ಪಲ್ಯದ ಮುಂದೆ ಯಾರಿಗಿರುತ್ತದೆ? ಈ ವರ್ಷ ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ ದಿನಗಳಲ್ಲಿ ವಿಧಿ ನನ್ನನ್ನು ತಾಟಿನ ಆಚೆಗೆ, ಎಂದರೆ ಸೌಟು ಹಿಡಿದವರ ಪಕ್ಷಕ್ಕೆ, ಹೇಳದೆ ಕೇಳದೆ ವರ್ಗ ಮಾಡಿತು. ಆಗ ಕಂಡಿತು ನೋಡಿ, ಈ ಅಡ್ಡಗೈಗಳಲ್ಲಿ ಎಷ್ಟು ಬಗೆ! ಬೆರಳುಗಳ ನಡುವೆ ಸಂದಿ ಬಿಟ್ಟುಕೊಂಡು ‘ಬೇಡ ಬೇಡ’ ಎನ್ನುವ ಕೈಯೊಂದು. ಅದರ ಅರ್ಥ ‘ಇನ್ನೊಮ್ಮೆ ಒತ್ತಾಯಿಸಿದರೆ ನೋಡೋಣ’ ಎಂದು. ತಾಟಿನ ಅಂಚಿಗೆ ಒರಗಿಕೊಂಡ ಕೈಯೊಂದು. ಅದು ಅರ್ಧಕ್ಕೆ ಒಪ್ಪುವ ಕೈ. ಇನ್ನೊಂದು ಬಗೆಯಿದೆ. ಬಡಿಸುವವಳು ಅಡುಗೆಮನೆಯ ಹೊಸ್ತಿಲು ದಾಟುವ ಮೊದಲೇ ಅದು ತಾಟಿನ ಮೇಲೆ ಬಂದು ಅಂಗಾತವಲ್ಲ, ಬೋರಲಾಗಿ ಮಲಗಿಬಿಟ್ಟಿರುತ್ತದೆ. ನನ್ನ ಅಡುಗೆಗೆ ಸಿಕ್ಕ ಕೈ ಈ ಕೊನೆಯದು.

ನಮ್ಮ ರೋಣದ ಕಡೆ ಬಡಿಸುವವರು ‘ಸಾಕು’ ಎಂಬುದನ್ನು ಮಾತೆಂದೇ ಗಣಿಸುವುದಿಲ್ಲ ಎಂಬುದನ್ನು ಹೊರಗಿನವರಿಗಾಗಿ ಇಲ್ಲಿ ಹೇಳಬೇಕು. ಉಣ್ಣುವವರು ಬೇಡ ಎನ್ನುವುದು ಅವರ ಧರ್ಮ, ಹಾಕುವುದು ನಮ್ಮ ಧರ್ಮ ಎಂಬುದು ಇಲ್ಲಿಯ ರೀತಿ. ನಮ್ಮ ಅತ್ತೆ ಇದ್ದಾಗ ಬೀಗರು ಯಾರಾದರೂ ತಾಟಿಗೆ ಕೈ ಅಡ್ಡ ಹಿಡಿದರೆ ಅತ್ತೆ ವಾದಕ್ಕೆ ಇಳಿಯುತ್ತಿರಲಿಲ್ಲ. ಹಂಚಿನ ಮೇಲಿಂದ ಇಳಿದ ರೊಟ್ಟಿಯನ್ನು ನೇರವಾಗಿ ಆ ಕೈಯ ಮೇಲೇ ಇಟ್ಟುಬಿಡುತ್ತಿದ್ದರು. ಕೈ ಸುಟ್ಟುಕೊಳ್ಳಬೇಕು, ಇಲ್ಲವೇ ರೊಟ್ಟಿ ತಿನ್ನಬೇಕು; ಎಂಥ ಹಟದ ಬೀಗನೂ ಎರಡನೆಯದನ್ನೇ ಆರಿಸಿಕೊಳ್ಳುತ್ತಿದ್ದ.

ಅತ್ತೆಯ ನಂತರ ಆ ಸೌಟು, ಆ ಒತ್ತಾಯದ ಅಧಿಕಾರ ಎರಡೂ, ಮೊದಲಿನಿಂದಲೇ ಹಂಚಿನ ಮುಂದೆ ಇದ್ದ ನನ್ನ ನೆಗೆಣ್ಣಿಗೆ ಬಂದವು. ನೆಗೆಣ್ಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಅಬ್ಬಿಗೇರಿಯ ನೀಲಕ್ಕ. ನಾನು ಗಜೇಂದ್ರಗಡದ ನೇಕಾರರ ಮನೆಯ ಮಗಳು. ನಮ್ಮಪ್ಪ ನೇಯ್ದ ಸೀರೆಗಳನ್ನು ರೋಣದ ಅಂಗಡಿಗೆ ಕೊಳ್ಳುತ್ತಿದ್ದವರು ನಮ್ಮ ಮಾವ. ಸೀರೆಯ ಗಂಟಿನ ಹಿಂದೆಯೇ ಸಂಬಂಧದ ಗಂಟೂ ಬಂತು. ತವರಿನಲ್ಲಿ ನಾನು ಅಡುಗೆ ಕಲಿಯಲಿಲ್ಲ, ಅದಕ್ಕೆ ಸೋಮಾರಿತನ ಕಾರಣವಲ್ಲ. ಮಗ್ಗದ ಮನೆಯಲ್ಲಿ ನೂಲು ಸುತ್ತುವ ಹುಡುಗಿಯರ ಕೈಗೆ ಎಣ್ಣೆ, ಅರಿಷಿಣ ತಾಗಬಾರದು. ತಾಗಿದರೆ ರೇಷ್ಮೆಯ ಮೇಲೆ ಕಲೆ ಉಳಿಯುತ್ತದೆ. ಹಾಗಾಗಿ ಒಗ್ಗರಣೆಯೆಲ್ಲ ಅಜ್ಜಿಯದು, ನೂಲೆಲ್ಲ ನನ್ನದು, ನೂಲು ಸುತ್ತುತ್ತ ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಓದುವ ಚಟವೂ ನನ್ನದು. ಆ ಚಟವೇ ಮುಂದೆ ಹೊಟ್ಟೆಪಾಡಾಯಿತು. ಮದುವೆಯಾದ ಮೇಲೆ ನರಗುಂದದ ಕಾಲೇಜೊಂದರಲ್ಲಿ ಗ್ರಂಥಪಾಲಕಿಯಾದೆ.

ರೋಣದಿಂದ ನರಗುಂದಕ್ಕೆ ಮುಂಜಾನೆಯ ಬಸ್ಸು. ನಾನು ಜಡೆ ಹಾಕಿಕೊಳ್ಳುವ ಹೊತ್ತಿಗೆ ನೀಲಕ್ಕ ಬುತ್ತಿ ಕಟ್ಟಿ, “ಬಸ್ಸ ಬಂತ ನೋಡ ಗಿರಿಜಾ, ಲಗೂ ನಡಿ” ಎಂದು ಕೈಗಿಡುತ್ತಿದ್ದಳು. ಅವಳ ಬ್ಯಾಂಕಿನ ಕೆಲಸ, ಅವಳ ಮಗಳ ಪಾಠ, ಅವಳ ತವರಿಗೆ ಫೋನು, ದವಾಖಾನೆಯ ಓಡಾಟ, ಹಬ್ಬದ ಸಂತೆ ಇವೆಲ್ಲ ನನ್ನ ಪಾಲಿಗೆ ಇದ್ದವು, ಅಡುಗೆಮನೆ ಅವಳದು. ಇದರಲ್ಲಿ ಯಾರಿಗೂ ಅನ್ಯಾಯವಾಗಿರಲಿಲ್ಲ, ಇಬ್ಬರೂ ಮನಸಾರೆ ಒಪ್ಪಿ ನಡೆಸಿಕೊಂಡು ಬಂದ ಒಡಂಬಡಿಕೆ ಅದು. ಒಮ್ಮೆ ಹುಮ್ಮಸ್ಸಿನಲ್ಲಿ ನಾನು ಉಳ್ಳಾಗಡ್ಡಿ ಹೆಚ್ಚಲು ಕುಳಿತಾಗ ಅವಳು ಆ ತುಂಡುಗಳನ್ನು ಬಹಳ ಹೊತ್ತು ನೋಡಿ, “ನೀ ಪುಸ್ತಕ ಓದ ಹೋಗ ನಮ್ಮವ್ವಾ” ಎಂದು ಇಳಿಗೆಯನ್ನು ಮೆಲ್ಲಗೆ ಕಸಿದುಕೊಂಡಿದ್ದಳು. ಇಬ್ಬರ ಹೆಣ್ಣುಮಕ್ಕಳೂ ಈಗ ಅವರವರ ಮನೆಗಳಲ್ಲಿ ಸುಖವಾಗಿದ್ದಾರೆ. ಮನೆಯಲ್ಲಿ ಉಳಿದವರು ನಾವು ನಾಲ್ವರು: ಭಾವನವರು, ನೀಲಕ್ಕ, ನನ್ನ ಯಜಮಾನರು ಮತ್ತು ನಾನು.

ಹೀಗಿರಲು ನೀಲಕ್ಕನ ಎಡಗಣ್ಣಿಗೆ ಪೊರೆ ಬಂತು. ಆಪರೇಷನ್ನೂ ಆಯಿತು. ಡಾಕ್ಟರು ಕಪ್ಪು ಕನ್ನಡಕ ಹಾಕಿ ಕಳಿಸುವಾಗ ನನ್ನನ್ನು ಕರೆದು ಕಟ್ಟುನಿಟ್ಟಾಗಿ ಹೇಳಿದರು: ತಿಂಗಳೊಪ್ಪತ್ತು ಒಲೆಯ ಮುಂದೆ ಹೋಗಬಾರದು, ಬಗ್ಗಬಾರದು, ಭಾರ ಎತ್ತಬಾರದು, ಮುಖ್ಯವಾಗಿ ಕಣ್ಣಿಗೆ ಒಂದು ಹನಿಯೂ ನೀರು ತಾಗಬಾರದು, ಯುಗಾದಿಯ ಮುಂಚೆ ಒಮ್ಮೆ ಕರೆತನ್ನಿ, ನೋಡಿ ಹೇಳುತ್ತೇನೆ. ಆ ಸಂಜೆ ಪಡಸಾಲೆಯಲ್ಲಿ ಸಭೆ ಸೇರಿತು. ಯಜಮಾನರು ಬಸ್‌ಸ್ಟ್ಯಾಂಡಿನ ಹತ್ತಿರದ ಖಾನಾವಳಿಯ ಹೆಸರೆತ್ತಿದರು. ನಾನು ಎದ್ದು ನಿಂತು, ಚುನಾವಣೆಗೆ ನಿಲ್ಲುವವರ ಧಾಟಿಯಲ್ಲಿ, “ಅಡಗಿ ನಾ ಮಾಡ್ತೀನ್ರಿ” ಎಂದೆ. ಗೋಡೆಯ ಮೇಲಿನ ಹಲ್ಲಿ ಕೂಡ ಲೊಚಗುಟ್ಟದೆ ಸುಮ್ಮನಿತ್ತು.

ನಮ್ಮ ಭಾವನವರದೊಂದು ಕ್ರಮವಿದೆ. ಹಳೆಯ ಮನೆತನಗಳಲ್ಲಿ ತಮ್ಮನ ಹೆಂಡತಿಯ ಜೊತೆ ಅಣ್ಣನಾದವನು ನೇರವಾಗಿ ಮಾತಾಡುವುದಿಲ್ಲ. ನಾನು ಎದುರಿಗೆ ನಿಂತಿದ್ದರೂ ಅವರು ನನಗೆ ಹೇಳಬೇಕಾದುದನ್ನು ತಮ್ಮನಿಗೆ ಹೇಳುತ್ತಾರೆ. ತಮ್ಮ ಹೇಳುವ ಮೊದಲೇ ನಾನು ಕೇಳಿಸಿಕೊಂಡಿರುತ್ತೇನೆ. ಆದರೂ ಯಜಮಾನರು ನಿಷ್ಠೆಯಿಂದ ಅದನ್ನು ಪುನರುಚ್ಚರಿಸುತ್ತಾರೆ. ಆ ದಿನ ಭಾವನವರು ಗಡಿಯಾರ ನೋಡುತ್ತ, “ಖಾನಾವಳಿಗೆ ಒಂದ ಮಾತ ಹೇಳಿ ಇಟ್ಟಿರ್ಲಿ ಅಂತ ಹೇಳ” ಎಂದರು. ಯಜಮಾನರು ನನ್ನ ಕಡೆ ತಿರುಗಿ, “ಖಾನಾವಳಿಗೆ ಒಂದ ಮಾತ ಹೇಳಿ ಇಟ್ಟಿರ್ಲಿ ಅಂತಾರ ಅಣ್ಣಾರು” ಎಂದರು. ಈ ಪ್ರೋತ್ಸಾಹದೊಂದಿಗೆ ನನ್ನ ಪಾಕಜೀವನ ಆರಂಭವಾಯಿತು.

ಗ್ರಂಥಪಾಲಕಿ ಯಾವುದನ್ನೇ ಕಲಿಯಬೇಕೆಂದರೂ ಮೊದಲು ಕಪಾಟಿನ ಕಡೆ ನೋಡುತ್ತಾಳೆ. ನಮ್ಮ ಗ್ರಂಥಾಲಯದಲ್ಲಿ ಪಾಕಶಾಸ್ತ್ರದ ಪುಸ್ತಕಗಳು ಇದ್ದವು. ಯಾರೂ ಮುಟ್ಟದ ಕಾರಣ ಹೊಸದಾಗಿಯೇ ಇದ್ದವು. ಅವುಗಳ ತೊಂದರೆಯೆಂದರೆ, ಅವು ನಾನು ಆಗಲೇ ಅರ್ಧ ಅಡುಗೆಯವಳು ಎಂದು ನಂಬಿ ಮಾತು ಶುರುಮಾಡುತ್ತವೆ. ‘ಹದವಾಗಿ ಹುರಿದು’ ಎನ್ನುತ್ತವೆ. ಹದ ಎಂದರೇನೆಂಬುದಕ್ಕೆ ಅಡಿಟಿಪ್ಪಣಿ ಇಲ್ಲ. ‘ರುಚಿಗೆ ತಕ್ಕಷ್ಟು ಉಪ್ಪು’ ಎನ್ನುತ್ತವೆ. ರುಚಿಯೇ ಇನ್ನೂ ಹುಟ್ಟಿಲ್ಲದಿರುವಾಗ ಅದಕ್ಕೆ ತಕ್ಕಷ್ಟು ಎಷ್ಟು? ಪುಸ್ತಕ ಮುಚ್ಚಿ ಮೊಬೈಲು ತೆರೆದೆ. ಅಲ್ಲಿ ಬಳೆ ತುಂಬಿದ ಕೈಗಳೆರಡು ಕಣ್ಣು ಮಿಟುಕಿಸುವಷ್ಟರಲ್ಲಿ ತಿಂಡಿ ಮಾಡಿ, ಕೊತ್ತಂಬರಿ ಉದುರಿಸಿ, ‘ನೋಡಿದಿರಲ್ಲ, ಎಷ್ಟು ಸುಲಭ!’ ಎಂದು ನಗುತ್ತಿದ್ದವು. ಆ ಕೈಗಳಿಗೆ ಪಾತ್ರೆ ತೊಳೆಯುವ ಪ್ರಸಂಗವೇ ಇರಲಿಲ್ಲ. ದಿಢೀರ್, ಥಟ್, ಚಕಾಚಕ್ ಎಂದೆಲ್ಲ ಹೆಸರಿಟ್ಟುಕೊಂಡ ಆ ಅಡುಗೆಗಳನ್ನು ನಾನು ಶ್ರದ್ಧೆಯಿಂದ ನೋಡಿದೆ, ವರ್ಗೀಕರಿಸಿದೆ, ಅತ್ಯಂತ ಸುಲಭವಾದುದೆಂದು ಚುರಮುರಿ ಒಗ್ಗರಣೆಯನ್ನು ಆರಿಸಿದೆ.

ಚುರಮುರಿಯನ್ನು, ಎಂದರೆ ಮಂಡಕ್ಕಿಯನ್ನು, ನೀರಿನಲ್ಲಿ ನೆನೆಸಿ ಹಿಂಡಿ ಒಗ್ಗರಣೆಗೆ ಹಾಕಬೇಕು, ಅಷ್ಟೇ. ನಾನು ನೆನೆಸಿದೆ. ಆಮೇಲೆ ಉಳ್ಳಾಗಡ್ಡಿ ಹೆಚ್ಚಲು ಕುಳಿತೆ. ಉಳ್ಳಾಗಡ್ಡಿ ಹೆಚ್ಚಿ, ಕಣ್ಣೀರು ಒರೆಸಿಕೊಂಡು, ಹಸಿಮೆಣಸಿನಕಾಯಿ ಸೀಳಿ, ಅದೇ ಕೈಯನ್ನು ಮರೆತು ಕಣ್ಣಿಗೆ ಮುಟ್ಟಿಸಿಕೊಂಡು, ಮುಖ ತೊಳೆದು ಬರುವಷ್ಟರಲ್ಲಿ ಚುರಮುರಿ ಚುರಮುರಿಯಾಗಿ ಉಳಿದಿರಲಿಲ್ಲ. ನಮ್ಮ ಮಗ್ಗದ ಮನೆಯಲ್ಲಿ ನೂಲಿಗೆ ಹಚ್ಚುವ ಗಂಜಿಯ ನೆನಪಾಗಿ ತವರಿನ ಕಡೆ ಮನಸ್ಸು ಓಡಿತು. ಅದಕ್ಕೇ ಒಗ್ಗರಣೆ ಕೊಟ್ಟು ಬಡಿಸಿದೆ. ಭಾವನವರು ಒಂದು ತುತ್ತು ಬಾಯಿಗಿಟ್ಟು, ಗೋಡೆಯ ಕ್ಯಾಲೆಂಡರಿಗೆ, “ಹಲ್ಲ ಇಲ್ದಾವ್ರಿಗೆ ಭಾಳ ಚಲೋ ಆಗೇತಿ ಅಂತ ಹೇಳ” ಎಂದರು. ಕ್ಯಾಲೆಂಡರಿನ ಪರವಾಗಿ ಯಜಮಾನರು ನನಗೆ ಹೇಳಿದರು. ಅಂದೇ ಮೊದಲ ಬಾರಿಗೆ ಆ ಬೋರಲು ಕೈಗಳ ದರ್ಶನವಾದದ್ದು. ಎರಡು ತಾಟು, ಎರಡು ಕೈ.

ನೀಲಕ್ಕನಿಗೆ ಅಡುಗೆಮನೆಯ ಹೊಸ್ತಿಲು ದಾಟಲು ಪರವಾನಗಿ ಇರಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ, ಕಪ್ಪು ಕನ್ನಡಕ ಹಾಕಿಕೊಂಡು ಕುಳಿತು, ಸಪ್ಪಳದಿಂದಲೂ ವಾಸನೆಯಿಂದಲೂ ಅವಳು ನನ್ನ ಅಡುಗೆಯನ್ನು ನಡೆಸುತ್ತಿದ್ದಳು. “ಸಾಸಿವಿ ಇನ್ನೂ ಸಿಡಿದಿಲ್ಲ, ಯಾಕ ಅವಸರ ಮಾಡ್ತೀ?” “ಮುಚ್ಚಳಾ ತಗಿ, ಉಕ್ಕತೈತಿ!” ಅವಳ ಆಜ್ಞೆಗಳು ಖಚಿತವಾಗಿರುತ್ತಿದ್ದವು, ವಿವರಣೆಗಳು ಮಾತ್ರ ವೇದಾಂತ. “ಹಿಟ್ಟಿಗೆ ನೀರು ಎಷ್ಟ ಹಾಕ್ಲಿರಿ ಅಕ್ಕಾರ?” ಎಂದರೆ, “ಅದಕ್ಕ ಬೇಕಾದಷ್ಟ ಹಾಕ.” “ಎಷ್ಟ ಬೇಕ ಅದಕ್ಕ?” “ಅದನ್ನs ಕೇಳ.” ಒಮ್ಮೆಯಂತೂ, “ಹತ್ತೇತಿ! ತಳಾ ಹತ್ತೇತಿ!” ಎಂದು ಅವಳು ಕೂಗಿದಾಗ ನಾನು ಓಡಿ ಹೋಗಿ ಕುದಿಯುತ್ತಿದ್ದ ಬೇಳೆಗೆ ಚೊಂಬು ತುಂಬ ನೀರು ಸುರಿದೆ. ಆಮೇಲೆ ತಿಳಿಯಿತು, ತಳ ಹತ್ತಿದ್ದು ಪಕ್ಕದ ಮನೆಯ ಶಾಂತವ್ವನದು. ನಮ್ಮದು ಅಂದು ಸಾರಾಗಿಯೂ ಬೇಳೆಯಾಗಿಯೂ ಉಳಿಯದೆ ನಡುನೀರಿನಲ್ಲಿ ನಿಂತಿತು.

ರೊಟ್ಟಿಯನ್ನು ನಾನು ಮುಟ್ಟಿರಲಿಲ್ಲ. ಪೇಟೆಯಲ್ಲಿ ರೊಟ್ಟಿ ಬಡಿದು ಮಾರುವ ಮನೆಯಿಂದ ಗಟ್ಟಿಯಾದ ಒಣರೊಟ್ಟಿಗಳನ್ನು ತರಿಸಿ ಬುಟ್ಟಿಯಲ್ಲಿಟ್ಟಿದ್ದೆವು. ಮುರಿದರೆ ಕಟಂ ಎನ್ನುವಂಥವು. ಒಂದು ಮಧ್ಯಾಹ್ನ ನೀಲಕ್ಕ ಅಂಥದೊಂದನ್ನು ಹಾಲಿನಲ್ಲಿ ಮುರಿದು ಹಾಕಿ ನೆನೆಯಲೆಂದು ಕಾಯುತ್ತಿದ್ದಾಗ ನಾನು ಸುಮ್ಮನೆ ಮಾತಿಗೆಂದು, “ಬಿಸಿ ರೊಟ್ಟಿ ಇಲ್ದ ನಿಮಗ ತ್ರಾಸ ಆಗಾಕತ್ತೇತಿ ಅಲ್ರಿ ಅಕ್ಕಾರ?” ಎಂದೆ. ಅವಳು ನಕ್ಕಳು. “ಬಿಸಿ ರೊಟ್ಟಿ ನಾ ತಿಂದದ್ದು ಅಬ್ಬಿಗೇರ್ಯಾಗ, ನಮ್ಮವ್ವನ ಕೈದು. ಇಲ್ಲಿಗೆ ಬಂದ ಮ್ಯಾಲ ಎಲ್ಲಿದು? ಮಾಡಾಕಿಗೆ ಬಿಸಿ ಕೈಗೆ ಹತ್ತತೈತಿ, ಬಾಯಿಗೆ ಹತ್ತಂಗಿಲ್ಲ.” ದೂರಲಿಲ್ಲ, ಕೊರಗಲಿಲ್ಲ, ಹೊರಗೆ ಬಿಸಿಲು ಬಹಳ ಎಂದಷ್ಟು ಸಹಜವಾಗಿ ಹೇಳಿ, ನೆನೆದ ರೊಟ್ಟಿಯ ಚೂರನ್ನು ಬಾಯಿಗಿಟ್ಟುಕೊಂಡಳು.

ಲೆಕ್ಕ ಸರಿಯಾಗಿಯೇ ಇತ್ತು. ರೊಟ್ಟಿ ಹಂಚಿನ ಮೇಲಿಂದ ನೇರವಾಗಿ ತಾಟಿಗೆ ಹೋಗಬೇಕಾದರೆ ಒಬ್ಬರು ಹಂಚಿನ ಮುಂದೆ ಇರಲೇಬೇಕು. ಅವರ ಸರದಿ ಬರುವಾಗ ಒಲೆ ಆರಿರುತ್ತದೆ. ಎಲ್ಲರ ಮನೆಯಲ್ಲೂ ಹಾಗೆಯೇ. ಆದರೂ ಆ ಮಾತು ನನ್ನ ತಲೆಯಿಂದ ಇಳಿಯಲಿಲ್ಲ. ಮರುದಿನ ಬಸ್ಸಿನಲ್ಲಿ ಕುಳಿತಾಗ ಹೊರಗೆ ಕಡಲೆ ಕಿತ್ತು ಬರಿದಾದ ಎರೆಹೊಲಗಳು ಸಾಗುತ್ತಿದ್ದವು. ನಾನು ಮಾತ್ರ ಉಬ್ಬಿದ ಬಿಳಿಯ ರೊಟ್ಟಿಯೊಂದನ್ನೇ ಕಾಣುತ್ತಿದ್ದೆ. ಡಾಕ್ಟರು ಯುಗಾದಿಯ ಮುಂಚೆ ನೋಡಿ ‘ಆಯಿತು’ ಎಂದುಬಿಟ್ಟರೆ ನೀಲಕ್ಕ ಅದೇ ದಿನ ಹಂಚಿನ ಮುಂದೆ ಹೋಗಿ ಕೂರುತ್ತಾಳೆ. ಅವಳನ್ನು ಅಲ್ಲಿಂದ ಎಬ್ಬಿಸುವ ಶಕ್ತಿ ಈ ತಾಲೂಕಿನಲ್ಲಿ ಯಾರಿಗೂ ಇಲ್ಲ. ಹಾಗಾದರೆ ಇರುವುದು ಇಷ್ಟೇ ದಿನ. ಅಷ್ಟರೊಳಗೆ ನನ್ನ ಕೈಯಿಂದ ಒಂದು, ಒಂದೇ ಒಂದು ಉಬ್ಬಿದ ಬಿಸಿ ರೊಟ್ಟಿ ಅವಳ ತಾಟಿಗೆ ಬೀಳಬೇಕು. ನನ್ನಂಥವಳಿಗೆ ಇದು ಮಹತ್ವಾಕಾಂಕ್ಷೆಯೆಂಬುದು ನನಗೆ ಗೊತ್ತಿತ್ತು. ಆದರೂ ಜೀವನದಲ್ಲಿ ಇಷ್ಟು ತೀವ್ರವಾಗಿ ನಾನು ಬಯಸಿದ ಬೇರೊಂದು ವಸ್ತು ತಕ್ಷಣಕ್ಕೆ ನೆನಪಾಗುವುದಿಲ್ಲ.

ನಡುವೆ ಹೋಳಿ ಹುಣ್ಣಿಮೆ ಬಂತು. ನನ್ನ ಕೀರ್ತಿ ಓಣಿಯ ತುದಿಯವರೆಗೂ ಹಬ್ಬಿತು. ಹುಣ್ಣಿಮೆಗೆ ಹೋಳಿಗೆ ಆಗಲೇಬೇಕು. ಕಣಕ ತಟ್ಟಿ ಬೇಯಿಸಿಕೊಡುವುದಾಗಿ ಶಾಂತವ್ವ ಒಪ್ಪಿದ್ದಳು. ಬೇಳೆ ಕುದಿಸಿ ಹೂರಣ ಮಾಡಿಡುವುದಷ್ಟೇ ನನ್ನ ಕೆಲಸ. ಮೊಬೈಲಿನ ಬಳೆಗೈ ‘ಬೆಂದ ಬೇಳೆಯ ನೀರನ್ನು ಪೂರ್ತಿ ಬಸಿದುಬಿಡಿ’ ಎಂದಿತು. ನಾನು ವಿಧೇಯಳಾಗಿ, ಒಂದು ಹನಿಯೂ ಉಳಿಯದಂತೆ, ಬಚ್ಚಲಿಗೆ ಬಸಿದೆ. ಹೂರಣ ಅದ್ಭುತವಾಗಿ ಕೂಡಿಬಂತು. ಹೆಮ್ಮೆಯಿಂದ ಪಡಸಾಲೆಗೆ ಹೋಗಿ ನೀಲಕ್ಕನಿಗೆ ಒಂದು ಚಮಚ ತಿನ್ನಿಸಿದೆ. “ಚಲೋ ಆಗೇತಿ ನೋಡ” ಎಂದಳು. ಆಮೇಲೆ, “ಕಟ್ಟು ಎಲ್ಲಿಟ್ಟಿ? ಸಾರಿಗೆ ಕೊಬ್ಬರಿ ಹುರಕೊಂಡೀಯೇನ?” ಎಂದು ಕೇಳಿದಳು.

ಓದುಗರಲ್ಲಿ ನಮ್ಮ ಕಡೆಯವರಿದ್ದರೆ ಇಷ್ಟರಲ್ಲಿ ‘ಅಯ್ಯೋ’ ಎಂದಿರುತ್ತಾರೆ. ಉಳಿದವರಿಗಾಗಿ ಹೇಳುತ್ತೇನೆ: ಆ ಬಸಿದ ನೀರೇ ಕಟ್ಟು. ಅದಕ್ಕೆ ಹುರಿದ ಕೊಬ್ಬರಿ, ಮಸಾಲೆ, ಹುಣಸೆಹಣ್ಣು, ಬೆಲ್ಲ ಹಾಕಿ ಕುದಿಸಿದರೆ ಕಟ್ಟಿನ ಸಾರು. ನಮ್ಮಲ್ಲಿ ಜನ ಕಟ್ಟಿನ ಸಾರಿಗಾಗಿ ಹೋಳಿಗೆ ಮಾಡುತ್ತಾರೆಯೇ ಹೊರತು ಹೋಳಿಗೆಗಾಗಿ ಅಲ್ಲ. ಹೋಳಿಗೆ ಒಂದು ದಿನದ ಸುಖ. ಸಾರನ್ನು ಮರುದಿನ ಕಾಯಿಸಿ, ಅದರ ಮರುದಿನ ಮತ್ತೆ ಕಾಯಿಸಿ, ಕಾಯಿಸಿದಷ್ಟೂ ಹೊಗಳುತ್ತ ಉಣ್ಣುತ್ತಾರೆ. ಇಂಥದ್ದನ್ನು ಬಚ್ಚಲಿಗೆ ಸುರಿದವಳು ನಮ್ಮ ಓಣಿಯ ಇತಿಹಾಸದಲ್ಲಿ ನಾನೊಬ್ಬಳೇ. ಮಧ್ಯಾಹ್ನ ಭಾವನವರು ತಾಟಿನ ಮುಂದೆ ಕುಳಿತು, ಹೋಳಿಗೆಯ ಪಕ್ಕದ ಖಾಲಿ ಜಾಗವನ್ನು ನೋಡಿ, “ಬಚ್ಚಲಕ್ಕ ಹೋಳಿ ಹಬ್ಬ ಭಾಳ ಜೋರ ಆತು ಅಂತ ಹೇಳ” ಎಂದರು. ಈ ಸಲ ಯಜಮಾನರಿಂದ ಪುನರುಚ್ಚಾರ ಆಗಲಿಲ್ಲ, ನಗುತ್ತ ಕೆಮ್ಮು ಹತ್ತಿಸಿಕೊಂಡಿದ್ದರು. ಕೊನೆಗೆ ಶಾಂತವ್ವ ತನ್ನ ಮನೆಯ ಸಾರನ್ನು ತಪ್ಪೇಲಿಯಲ್ಲಿ ತಂದಿಟ್ಟು, “ನಮ್ಮದs ಕಟ್ಟು ಭಾಳ ಆಗಿತ್ರಿ ಅಕ್ಕಾರ” ಎಂದು ನನ್ನ ಮಾನ ಉಳಿಸಿದಳು. ಸಂಜೆಯ ಹೊತ್ತಿಗೆ ಓಣಿಗೆಲ್ಲ ಸುದ್ದಿ ಮುಟ್ಟಿತ್ತು. ಮರುದಿನ ನರಗುಂದದ ಬಸ್ಸಿನಲ್ಲಿ ಗುರುತಿನ ಹೆಂಗಸೊಬ್ಬಳು ಸೀಟು ಬಿಟ್ಟುಕೊಟ್ಟು, “ಖರೇನರಿ ಬಾಯಾರ, ಪೂರಾ ಚೆಲ್ಲಿದ್ರಿ?” ಎಂದು ಅನುಕಂಪದಿಂದ ಕೇಳಿದಳು.

ಈ ಅಪಕೀರ್ತಿಯ ನಡುವೆಯೇ, ಯಾವ ಸೂಚನೆಯನ್ನೂ ಕೊಡದೆ, ಅಡುಗೆ ನನಗೆ ಸ್ವಲ್ಪ ಸ್ವಲ್ಪ ಒಲಿಯತೊಡಗಿತ್ತು. ಮೊದಲು ಒಲಿದದ್ದು ಜುಣಕ. ಒಗ್ಗರಣೆಗೆ ನೀರು ಹಾಕಿ ಕುದಿಸಿ, ಕಡಲೆಹಿಟ್ಟನ್ನು ಒಂದು ಕೈಯಿಂದ ಉದುರಿಸುತ್ತ ಇನ್ನೊಂದು ಕೈಯಿಂದ ತಿರುವುತ್ತ ಹೋದರೆ ಆಯಿತು, ತಡಮಾಡಿದರೆ ಗಂಟು. ಗಂಟಿನ ವಿಷಯ ನೇಕಾರರ ಮಗಳಿಗೆ ಹೊಸದಲ್ಲ. ಒಂದು ದಿನ ಸಾಸಿವೆ ಸಿಡಿಯುವ ಸದ್ದಿಗೆ ನೀಲಕ್ಕ ಕೂಗುವ ಮೊದಲೇ ನನ್ನ ಕೈ ಜೀರಿಗೆಯ ಡಬ್ಬಿಗೆ ಹೋಗಿತ್ತು. ಪಡಸಾಲೆಯಿಂದ ಏನೂ ಕೇಳಲಿಲ್ಲ. ಬಾಗಿಲಲ್ಲಿ ಇಣುಕಿದೆ, ಅವಳು ಕಂಬಕ್ಕೊರಗಿ, ಬಾಯಿ ತೆರೆದುಕೊಂಡು, ನಿಶ್ಚಿಂತೆಯಿಂದ ನಿದ್ದೆ ಹೋಗಿದ್ದಳು. ನನ್ನ ಉದ್ಯೋಗಜೀವನದಲ್ಲಿ ಬಂದ ಯಾವ ಪ್ರಶಸ್ತಿಪತ್ರವೂ ನನಗೆ ಅಷ್ಟು ಸಂತೋಷ ಕೊಟ್ಟಿಲ್ಲ. ಅಂದು ಭಾವನವರ ಕೈ ತಾಟಿನ ಅಂಚಿಗೆ ಸರಿದಿತ್ತು. ಅರ್ಧ ಚಮಚಕ್ಕೆ ಒಪ್ಪಿದರು.

ರೊಟ್ಟಿ ಮಾತ್ರ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಯಜಮಾನರೂ ಭಾವನವರೂ ಅಂಗಡಿಗೆ ಹೋದ ಮೇಲೆ, ರಜೆಯ ದಿನಗಳಲ್ಲಿ, ನಾನು ಹಿಟ್ಟು ನಾದುವ ಪರಾತಿನ ಮುಂದೆ ಕೂರುತ್ತಿದ್ದೆ. ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಬೇಕೆಂಬುದು ಗೊತ್ತಿತ್ತು. ಬೆರಳು ಸುಟ್ಟುಕೊಂಡು ನಾದಿದೆ. ಆದರೂ ಬಡಿಯತೊಡಗಿದರೆ ಬೇಸಿಗೆಯ ಎರೆಹೊಲದಂತೆ ಅಂಚಿನಿಂದ ನಡುವಿನವರೆಗೆ ಬಿರುಕು. ಎತ್ತಿ ಹಂಚಿಗೆ ಹಾಕಲು ಹೋದರೆ ಅರ್ಧ ಕೈಯಲ್ಲಿ, ಅರ್ಧ ಮಣೆಯ ಮೇಲೆ. ತಪ್ಪು ನನ್ನದೆಂದೇ ನಂಬಿ ನೊಂದೆ. ಕೊನೆಗೆ ಅಳುಕುತ್ತ ಹಿಟ್ಟಿನ ಉಂಡೆಯೊಂದನ್ನು ನೀಲಕ್ಕನ ಕೈಗಿತ್ತೆ. ಅವಳು ಬೆರಳಲ್ಲಿ ತಿಕ್ಕಿ, “ಇದ ಯಾವ ಹಿಟ್ಟು?” ಎಂದಳು. “ಡಬ್ಬ್ಯಾಗಿಂದರಿ.” “ಅಯ್ಯ ನಿನ್ನ! ಅದನ್ನ ನಾ ಸಂಕ್ರಮಣದಾಗ ಬೀಸಿಸಿದ್ದು. ಹಳೇ ಹಿಟ್ಟಿಗೆ ಜಿಗಿ ಎಲ್ಲಿ ಇರತೈತಿ?” ಜೋಳದ ಹಿಟ್ಟು ಹಳೆಯದಾದರೆ ಅಂಟು ಕಳೆದುಕೊಳ್ಳುತ್ತದೆ, ರೊಟ್ಟಿಗೆ ಬರುವುದಿಲ್ಲ ಎಂಬುದನ್ನು ಯಾರೂ ನನಗೆ ಹೇಳಿರಲಿಲ್ಲ, ನೀರು ಒದ್ದೆ ಎಂದು ಯಾರಾದರೂ ಯಾರಿಗಾದರೂ ಹೇಳುತ್ತಾರೆಯೇ? ಪುಸ್ತಕ ಹಳೆಯದಾದಷ್ಟೂ ಬೆಲೆಯೆಂದು ನಂಬಿದ ನಾನು ಅದೇ ನ್ಯಾಯವನ್ನು ಹಿಟ್ಟಿಗೂ ಹಚ್ಚಿದ್ದೆ.

ಹೊಸ ಹಿಟ್ಟು ಗಿರಣಿಯಿಂದ ಬೆಚ್ಚಗೆ ಬಂತು. ಬಿರುಕು ಕಡಿಮೆಯಾಯಿತು, ಆದರೆ ರೊಟ್ಟಿ ನಡುವೆ ತೆಳ್ಳಗೆ, ಅಂಚಿಗೆ ದಪ್ಪ. ಪಡಸಾಲೆಯಿಂದ ನೀಲಕ್ಕ, “ಯಾರನ್ನ ಹೊಡ್ಯಾಕತ್ತೀಯ ಗಿರಿಜಾ? ಪಾಪ, ಬಿಡ ಅವರನ್ನ” ಎಂದಳು. ರೊಟ್ಟಿ ಬಡಿಯುವುದು ಎನ್ನುತ್ತಾರಲ್ಲ, ನಾನು ಅದನ್ನು ಅಕ್ಷರಶಃ ಪಾಲಿಸುತ್ತಿದ್ದೆ. “ಮೆತ್ತಗ ಬಡಿ, ಬಡೀತ ಬಡೀತ ತಿರುವು. ತಾನs ಹರವಿಕೊಂಡ ಹೋಗತೈತಿ.” ಮೆತ್ತಗೆ ಬಡಿದೆ, ತಿರುವಿದೆ. ಒಂದು ಹಂತದಲ್ಲಿ ಅಂಗೈಯ ಕೆಳಗೆ ಹಿಟ್ಟು ತಾನಾಗಿ ಸುತ್ತತೊಡಗಿತು, ಚಿಕ್ಕಂದಿನಲ್ಲಿ ರಾಟೆ ತಿರುಗಿಸುವಾಗ ನೂಲು ಸುತ್ತಿಕೊಳ್ಳುತ್ತಿದ್ದ ಹಾಗೆಯೇ. ಆ ಕೈಯ ನೆನಪು ನನ್ನಲ್ಲಿ ಇನ್ನೂ ಇದೆಯೆಂದು ನನಗೇ ಗೊತ್ತಿರಲಿಲ್ಲ. ಆ ದಿನದ ರೊಟ್ಟಿ ಉಬ್ಬಲಿಲ್ಲ, ಚಪ್ಪಟೆಯಾಗಿಯೇ ಬೆಂದಿತು. ಆದರೆ ದುಂಡಗಿತ್ತು. ಅದನ್ನು ನಾನೇ ತಿಂದೆ. ಇನ್ನೂ ನೀಲಕ್ಕನ ತಾಟಿಗೆ ಅರ್ಹವಲ್ಲವೆಂದು ನನಗನ್ನಿಸಿತ್ತು.

ಡಾಕ್ಟರ ಬಳಿ ಹೋಗುವ ದಿನ ಸೋಮವಾರವೆಂದು ಗೊತ್ತಾಯಿತು. ಉಳಿದದ್ದು ಭಾನುವಾರ. ಅಂದು ಭಾವನವರೂ ಯಜಮಾನರೂ ಗಜೇಂದ್ರಗಡಕ್ಕೆ ಸೀರೆ ತರಲು ಬೆಳಿಗ್ಗೆಯೇ ಹೊರಟರು. ಅವರಿದ್ದರೆ ನೀಲಕ್ಕ ಅವರ ಊಟ ಮುಗಿಯುವವರೆಗೆ ತಾಟಿನ ಮುಂದೆ ಕೂರುವವಳಲ್ಲ, ಕಣ್ಣಿದ್ದರೂ ಇಲ್ಲದಿದ್ದರೂ ಅದು ಅವಳ ನೇಮ. ನಾನು ಜುಣಕ ಮಾಡಿದೆ. ಎಳೆಯ ಬದನೆಕಾಯಿಗೆ ಮಸಾಲೆ ತುಂಬಿದೆ. ಶೇಂಗಾ ಚಟ್ನಿ, ಮೊಸರು, ಗಟ್ಟಿ ಬೆಣ್ಣೆ ಇಟ್ಟೆ. ಅಡುಗೆಮನೆಯ ಹೊಸ್ತಿಲ ಹೊರಗೆ, ಒಲೆಯ ಝಳ ತಾಗದಷ್ಟು ದೂರದಲ್ಲಿ ಮಣೆ ಹಾಕಿದೆ. “ಅಕ್ಕಾರ, ಊಟಕ್ಕ ಬರ್ರಿ.”

“ಅವರು ಬರ್ಲಿ.”

“ಅವರಿಗೆ ಗಜೇಂದ್ರಗಡದಾಗ ನಮ್ಮ ತವರ ಮನ್ಯಾಗ ಊಟ ಐತ್ರಿ. ಬರ್ರಿ.”

“ಹಂಗಾರ ನೀನೂ ಕುಂದ್ರು, ಇಬ್ರೂ ಕೂಡೇ ಉಣ್ಣೂನು.”

“ನಾ ಕುಂತ್ರ ಹಂಚಿನ ಮುಂದ ಯಾರ ಇರ್ತಾರ್ರಿ?” ಎಂದೆ.

ಅವಳು ಕಪ್ಪು ಕನ್ನಡಕದೊಳಗಿಂದ ನನ್ನನ್ನು ನೋಡಿ, ಸೆರಗು ಸರಿಪಡಿಸಿಕೊಂಡು ಬಂದು ಕುಳಿತಳು.

ಮೊದಲ ರೊಟ್ಟಿ ಮೂಲೆಯಲ್ಲಿ ಹರಿಯಿತು, ಬದಿಗಿಟ್ಟೆ. ಮತ್ತೊಂದು ಅರ್ಧ ಉಬ್ಬಿ ಮನಸ್ಸು ಬದಲಿಸಿತು, ಅದನ್ನೂ ಬದಿಗಿಟ್ಟೆ. ಆಮೇಲಿನದನ್ನು ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲ್ಮೈಗೆ ನೀರು ಸವರಿ, ನೀರಾರಿದೊಡನೆ ತಿರುವಿ, ಅಂಚನ್ನು ಅರಿವೆಯಿಂದ ಒತ್ತಿದೆ. ಒಂದು ಕಡೆ ಸಣ್ಣಗೆ ಎದ್ದಿತು. ಇನ್ನೊಂದು ಕಡೆ ಎದ್ದಿತು. ಎರಡೂ ಕೂಡಿಕೊಂಡು, ಇಡೀ ರೊಟ್ಟಿ ಹಂಚಿನ ಮೇಲೆ ಉಸಿರು ತುಂಬಿಕೊಂಡು ದುಂಡಗೆ ಉಬ್ಬಿ ನಿಂತಿತು. ನಾನು ಕೂಗಿದೆನೆಂದು ಶಾಂತವ್ವ ಆಮೇಲೆ ಹೇಳಿದಳು, ನನಗೆ ನೆನಪಿಲ್ಲ. ಬೆರಳು ಸುಡುತ್ತಿದ್ದುದೂ ತಿಳಿಯದೆ ಅದನ್ನು ಎತ್ತಿಕೊಂಡು ಹೋಗಿ ನೀಲಕ್ಕನ ತಾಟಿಗೆ ಹಾಕಿದೆ. ಅವಳು ನಡುವೆ ಬೆರಳಿಂದ ಚುಚ್ಚಿದಳು. ಬುಸ್ಸೆಂದು ಆವಿ ಹೊರಟಿತು. ಬೆಣ್ಣೆ ಹಾಕಿದೊಡನೆ ಕರಗಿ ಅಂಚಿಗೆ ಓಡಿತು. ಅವಳು ಮುರಿದಳು, ಜುಣಕ ಹಚ್ಚಿದಳು, ತಿಂದಳು. ಒಳ್ಳೆಯದಿದೆ ಎನ್ನಲಿಲ್ಲ, ಕೆಟ್ಟದಿದೆ ಎನ್ನಲಿಲ್ಲ. ತಾಟು ಖಾಲಿಯಾಯಿತು.

“ಹ್ಯಾಂಗಾಗೇತ್ರಿ ಅಕ್ಕಾರ?” ಎಂದು ಕೇಳಿದೆ.

“ನೀ ಸುಮ್ಕ ಇನ್ನೊಂದ ಹಾಕ” ಎಂದಳು. “ಮಾತಾಡಸಬ್ಯಾಡ. ಕಣ್ಣಿಗೆ ನೀರ ಹತ್ತಬಾರ್ದು ಅಂದಾರ ಡಾಕ್ಟ್ರು.”

ಇನ್ನೊಂದು ಹಾಕಿದೆ. ಅದೂ ಉಬ್ಬಿತ್ತು. ಮತ್ತೊಂದನ್ನು ತಂದಾಗ ಅವಳು ತಾಟಿಗೆ ಕೈ ಅಡ್ಡ ಹಿಡಿದಳು. ಆ ಕೈಯನ್ನು ಅಂದು ನಾನು ಮೊದಲ ಸಲ ಸರಿಯಾಗಿ ನೋಡಿದೆ. ಬೆರಳ ತುದಿಗಳು ಹಂಚಿನ ಬಿಸಿಗೆ ನುಣುಪಾಗಿ, ರೇಖೆಗಳು ಅಳಿಸಿಹೋಗಿದ್ದವು. ಬೆರಳುಗಳ ನಡುವೆ ಸಂದಿ ಇತ್ತೋ ಇಲ್ಲವೋ ಎಂದು ನಾನು ಪರೀಕ್ಷಿಸಲು ಹೋಗಲಿಲ್ಲ. ನಮ್ಮ ಅತ್ತೆ ಮಾಡುತ್ತಿದ್ದಂತೆ, ಆವಿಯಾಡುತ್ತಿದ್ದ ರೊಟ್ಟಿಯನ್ನು ನೇರವಾಗಿ ಆ ಕೈಯ ಮೇಲೆ ಇಟ್ಟುಬಿಟ್ಟೆ. ಅವಳು ಕೈ ಎಳೆದುಕೊಳ್ಳಲಿಲ್ಲ. ಇನ್ನೊಂದು ಕೈಯನ್ನೂ ತಂದು ರೊಟ್ಟಿಯ ಮೇಲೆ ಮೆಲ್ಲಗೆ ಮುಚ್ಚಿ, ಹಾಗೆಯೇ ಕುಳಿತಳು.

“ಬಿಸಿ ಐತಿ” ಎಂದಳು.